ಇಪ್ಪತ್ನಾಲ್ಕನೆಯ ಟಿಕ್

ಅಂದು ಬೆಳಿಗ್ಗೆ ಮೋಡಣ್ಣನಿಗೆ ಎಂದಿನಂತೆ ನಿದ್ದೆ ಬಂದಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ನಿದ್ದೆಯ ಬದಲು ಬಿಕ್ಕಳಿಕೆ ಬಂತು.

ಮೋಡಣ್ಣ ಸಾರ್ವಜನಿಕ ತೋಟದ ಗಾಜಿನ ಮನೆಯ ಮಾಲಿ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನಿಂತಲ್ಲೇ ನಿಂತು ಎಲ್ಲಿಗೋ ತೇಲಿಹೋಗುವ ಅವನ ಗುಣ ಕಂಡು ತೋಟದವರೆಲ್ಲ ಅವನನ್ನು ಮೋಡಣ್ಣ ಎನ್ನುತ್ತಿದ್ದರು. ಪೈಪು ಹಿಡಿದು ಒಂದು ಕುಂಡದ ಮುಂದೆ ನಿಂತನೆಂದರೆ ಕುಂಡ ಕೆರೆಯಾಗಿ, ಕೆರೆ ಕೋಡಿ ಬಿದ್ದು, ನೀರು ಅವನ ಕಾಲಿಗೆ ತಾಗಿದ ಮೇಲೆಯೇ ಈ ಲೋಕಕ್ಕೆ ಮರಳುತ್ತಿದ್ದ.

ಅದಕ್ಕೇ ತೋಟದ ಸೂಪರಿಂಟೆಂಡೆಂಟ್ ಮೇಡಂ ಮೂರು ತಿಂಗಳ ಹಿಂದೆ ಗಾಜಿನ ಮನೆಗೆ ಒಂದು ಹಳೆಯ ಲ್ಯಾಪ್‌ಟಾಪನ್ನೂ, ಪ್ರತಿ ಕುಂಡದ ಮೇಲೆ ಒಂದೊಂದು ತುಂತುರು ನಳಿಕೆಯನ್ನೂ ಹಾಕಿಸಿದ್ದರು. ಬೆಳಿಗ್ಗೆ ಆರೂವರೆಗೆ ಲ್ಯಾಪ್‌ಟಾಪು ಹೇಳುತ್ತದೆ, ನಳಿಕೆ ಟಿಕ್ ಎನ್ನುತ್ತದೆ, ಕುಂಡಕ್ಕೆ ಅಳತೆಯ ನೀರು ಬೀಳುತ್ತದೆ. ಅದು ಓಡತೊಡಗಿದ ಮೇಲೆ ಎರಡು ತಿಂಗಳು ಪರೀಕ್ಷೆಯ ಅವಧಿ. ಅಷ್ಟು ದಿನ ಯಾರೂ ಕೈಯಿಂದ ನೀರು ಹಾಕಕೂಡದು. ನೀರಿನ ಕ್ಯಾನುಗಳೆಲ್ಲ ಸ್ಟೋರಿನಲ್ಲಿ ಬೀಗದೊಳಗೆ.

ಬೇರೆ ಯಾರಾದರೂ ಬಂದು ಲ್ಯಾಪ್‌ಟಾಪಿಗೆ ಹೇಳಿಕೊಟ್ಟರೆ ತನ್ನ ಗಿಡಗಳು ಪರರ ಪಾಲಾಗುತ್ತವಲ್ಲ ಎಂದು ಮೋಡಣ್ಣನೇ ಆ ಕೆಲಸಕ್ಕೆ ಕೈಹಾಕಿದ್ದ. ಅವನ ತಂಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಅವಳ ಹತ್ತಿರ ನಾಲ್ಕು ಭಾನುವಾರ ಕೂತು, ಕಿವಿ ಹಿಂಡಿಸಿಕೊಂಡು, ಹದಿನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದ. ಸ್ಕ್ರಿಪ್ಟ್ ಅಂದರೆ ಮತ್ತೇನಲ್ಲ, ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಬರೆದಿಟ್ಟು ಹೋಗುವ ಚೀಟಿಯ ಹಾಗೆ. ಇದು ಮಾಡು, ಆಮೇಲೆ ಅದು ಮಾಡು, ಎಲ್ಲ ಮುಗಿದ ಮೇಲೆ ಬಾಗಿಲು ಹಾಕು. ಲ್ಯಾಪ್‌ಟಾಪು ಅದನ್ನು ಮೇಲಿನಿಂದ ಕೆಳಗೆ ಓದಿ ಚಾಚೂ ತಪ್ಪದೆ ನಡೆಸುತ್ತದೆ. ಚೀಟಿ ಬರೆದವನ ಮನಸ್ಸಿನಲ್ಲಿ ಏನಿತ್ತು ಎಂದು ಮಾತ್ರ ಕೇಳುವುದಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಮೋಡಣ್ಣನಿಗೆ ಬೆಂಚಿನ ಮೇಲೆ ಒರಗಿ ಆ ಟಿಕ್‌ಗಳನ್ನು ಎಣಿಸುವುದೇ ಕೆಲಸ. ಗಾಜಿನ ಆಚೆ ಎಳೆಬಿಸಿಲು, ಈಚೆ ಹಸಿಮಣ್ಣಿನ ವಾಸನೆ, ನಡುವೆ ಟಿಕ್, ಟಿಕ್, ಟಿಕ್. ಯಾರೋ ದೂರದಲ್ಲಿ ತೊಟ್ಟಿಲಿಗೆ ಒರಗಿ ಚಿಟಿಕೆ ಹಾಕಿದಂತೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ರೆಪ್ಪೆ ಮುಚ್ಚುತ್ತಿತ್ತು. ಹದಿಮೂರನೆಯದನ್ನು ಅವನು ಎರಡು ತಿಂಗಳಲ್ಲಿ ಒಂದು ದಿನವೂ ಕೇಳಿದವನಲ್ಲ.

ಬಿಕ್ಕಳಿಕೆಯ ದಿನ ಕೇಳಿದ. ಹದಿಮೂರು, ಹದಿನಾಲ್ಕು... ಇಪ್ಪತ್ತೆರಡು, ಇಪ್ಪತ್ಮೂರು. ಅಲ್ಲಿಗೆ ನಿಂತಿತು.

ಗಾಜಿನ ಮನೆಯಲ್ಲಿ ಕುಂಡಗಳು ಇಪ್ಪತ್ನಾಲ್ಕು.

ಬಿಕ್ಕಳಿಕೆ ತಟ್ಟನೆ ನಿಂತುಹೋಯಿತು. ಎದ್ದು ಒಂದೊಂದೇ ಕುಂಡ ಮುಟ್ಟಿ ನೋಡಿದ. ಎಲ್ಲ ಒದ್ದೆ. ಸಾಲಿನ ತುದಿಯ ದೊಡ್ಡ ಕುಂಡಕ್ಕೆ ಬಂದು ಮೇಲಿನ ಬೆಣಚುಕಲ್ಲು ಸರಿಸಿ ಬೆರಳಿಟ್ಟ. ಮಣ್ಣು ಹಪ್ಪಳವಾಗಿತ್ತು.

ಅದು ಅಜ್ಜಿಯ ಕುಂಡ.

ಅಜ್ಜಿ ಅಂದರೆ ಆ ಗಾಜಿನ ಮನೆಗಿಂತ ಹಳೆಯ, ದಪ್ಪ ಎಲೆಯ, ಗಂಟುಗಂಟಿನ ಕಾಂಡದ ಒಂದು ಗಿಡ. ಮೋಡಣ್ಣನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ನಿವೃತ್ತರಾಗುವಾಗ ಅವನ ಕೈಹಿಡಿದು, "ಇವಳನ್ನ ನೋಡ್ಕೋ. ಒಂದು ಸಲ ಹೂ ಬಿಡಿಸು, ಸಾಕು. ಮುದ್ದು ಮಾತ್ರ ಮಾಡ್ಬೇಡ" ಎಂದು ಹೇಳಿ ಹೋಗಿದ್ದರು. ಮೋಡಣ್ಣ ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ದಿನಕ್ಕೆರಡು ಬಾರಿ ನೀರು, ಎಲೆ ಒರೆಸುವುದು, ಆಚೀಚೆ ನೋಡಿ ಎರಡು ಮಾತು. ಮೊಗ್ಗಿನ ಸುಳಿವಿಲ್ಲ. ಕೊನೆಗೆ ಮೇಡಂ ಹೇಳಿಬಿಟ್ಟರು: "ಈ ವರ್ಷವೂ ಹೂ ಬರದಿದ್ರೆ ಇದು ಗೊಬ್ಬರದ ಗುಂಡಿಗೆ. ಆ ಜಾಗಕ್ಕೆ ತಂಪು ಪಾನೀಯದ ಯಂತ್ರ ಬರುತ್ತೆ." ಯಂತ್ರ ಆಗಲೇ ಬಂದು, ರಟ್ಟಿನ ಹೊದಿಕೆಯೊಳಗೆ, ಹೊರಗಿನ ಗೋಡೆಗೆ ಒರಗಿ ನಿಂತಿತ್ತು.

ಆದರೆ ಹನ್ನೆರಡು ದಿನದ ಹಿಂದೆ ಅಜ್ಜಿ ಮೊಗ್ಗು ಬಿಟ್ಟಳು! ಗೋಧಿಕಾಳಿನಷ್ಟಿದ್ದದ್ದು ಈಗ ನಿಂಬೆಕಾಯಿಯಾಗಿತ್ತು. ಇಂದು ಸಂಜೆ ಐದಕ್ಕೆ ಅದು ಅರಳುವುದನ್ನು ನೋಡಲು ಮೇಡಂ ಬರುವವರಿದ್ದರು, ಹಳೆಯ ಮೇಸ್ತ್ರಿಯೂ ಬರುವವರಿದ್ದರು. ಅರಳಿದರೆ ಅಜ್ಜಿ ಉಳಿದಳು. ಎಲ್ಲ ತನ್ನ ಸ್ಕ್ರಿಪ್ಟಿನ ಮಹಿಮೆ, ಹೊತ್ತುಹೊತ್ತಿಗೆ ನೀರು ಬಿದ್ದದ್ದರ ಫಲ ಎಂದು ಮೋಡಣ್ಣ ತೋಟದ ತುಂಬ ಹೇಳಿಕೊಂಡು ತಿರುಗಿದ್ದ.

ಈಗ ನೋಡಿದರೆ ಮುದುಕಿಗೆ ಎರಡು ತಿಂಗಳಿಂದ ಒಂದು ಹನಿ ಬಿದ್ದಿಲ್ಲ.

ಮೋಡಣ್ಣ ಸ್ಟೋರಿಗೆ ಓಡಿದ. ಸ್ಟೋರ್‌ಕೀಪರು ಬೀಗದ ಕೈಗಳನ್ನು ಒರೆಸುತ್ತ ಕೂತಿದ್ದರು.

"ಸಾರ್, ಒಂದೇ ಒಂದು ಕ್ಯಾನು."

"ಮೇಡಂ ಆರ್ಡರ್ ಗೊತ್ತಲ್ವಾ? ಕ್ಯಾನು ಬಿಡಿ, ಒಂದು ಲೋಟ ನೀರು ಒಳಗೆ ಹೋದ್ರೂ ನಾನು ಬರ್ಕೊಳ್ತೀನಿ. ಯಾಕೆ, ನಿಮ್ಮ ಮಿಷನ್ ಕೆಟ್ಟಿತಾ?"

"ಛೆ ಛೆ, ಕೆಡೋದೇನು!" ಎಂದ ಮೋಡಣ್ಣ. ಆಡಿದ ಮಾತು ಹಿಂದಕ್ಕೆ ಬರುವಂತಿರಲಿಲ್ಲ. ಇನ್ನು ಯಾರಿಗೂ ತಿಳಿಯದ ಹಾಗೆ ಐದು ಗಂಟೆಯೊಳಗೆ ಸ್ಕ್ರಿಪ್ಟನ್ನೇ ಸರಿಮಾಡಬೇಕು.

ಲ್ಯಾಪ್‌ಟಾಪು ತೆರೆದು ನೋಡಿದ. ಕುಂಡಗಳ ಪಟ್ಟಿಯಲ್ಲಿ ಅಜ್ಜಿಯೇ ಮೊದಲು ಇದ್ದಳು. ಕೆಳಗೆ, ಒಂದರಿಂದ ಇಪ್ಪತ್ಮೂರರವರೆಗೆ ನೀರು ಬಿಡು ಎಂದು ಬರೆದಿತ್ತು. ಗಾಜಿನ ಮನೆಯಲ್ಲಿ ನಂಬರ್ ಚೀಟಿಗಳು ಇದ್ದದ್ದೂ ಹಾಗೆಯೇ, ಇಪ್ಪತ್ಮೂರರವರೆಗೆ. ಅಜ್ಜಿಗೆ ಚೀಟಿ ಇರಲಿಲ್ಲ. "ಮನೆ ಹಿರಿಯಳಿಗೆ ನಂಬರ್ ಹಚ್ಚೋದೇನೋ, ಕೈದಿಗೆ ಹಚ್ಚಿದ ಹಾಗೆ!" ಎಂದು ಮೇಸ್ತ್ರಿ ಆ ಕಾಲದಲ್ಲೇ ಬಿಟ್ಟಿದ್ದರು. ಚೀಟಿ ನೋಡಿ ಸ್ಕ್ರಿಪ್ಟ್ ಬರೆದವನಿಗೆ ಅಜ್ಜಿ ಬಿಟ್ಟುಹೋದದ್ದು ಹೊಳೆದಿರಲಿಲ್ಲ.

ಇಷ್ಟೇ ತಾನೇ ಎಂದು ಇಪ್ಪತ್ಮೂರನ್ನು ಇಪ್ಪತ್ನಾಲ್ಕು ಮಾಡಿ ಓಡಿಸಿದ. ಇಪ್ಪತ್ಮೂರು ಟಿಕ್ ಆದವು. ಆಮೇಲೆ ಪರದೆಯ ತುಂಬ ಕೆಂಪು ಅಕ್ಷರ, ಬೆವರುಸಾಲೆ ಎದ್ದಂತೆ.

ಟಿಕೆಟ್ ಕೌಂಟರಿನ ಅಕ್ಕ ಕುಡಿಯುವ ನೀರು ತರಲು ಹೊರಟವರು ಖಾಲಿ ಬಾಟಲಿ ಹಿಡಿದು ಒಳಗೆ ಇಣುಕಿದರು. ಆ ತೋಟದಲ್ಲಿ ಎಲೆ ಅಲುಗಿದರೂ ಅವರಿಗೆ ತಿಳಿಯಬೇಕು.

"ಏನೋ ಮೋಡಣ್ಣ, ನಿನ್ನ ಡಬ್ಬ ಬೈತಿರೋ ಹಾಗಿದೆ?"

"ಸುಮ್ನಿರಕ್ಕ, ಮೆಲ್ಲಗೆ ಮಾತಾಡು."

ತಂಗಿಗೆ ಫೋನು ಮಾಡಿದ. ಆದರೆ ತನ್ನ ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ. "ನನ್ನ ಸ್ನೇಹಿತ ಒಬ್ಬನ ಸ್ಕ್ರಿಪ್ಟಲ್ಲಿ ಕೆಂಪು ಬಂದಿದೆಯಮ್ಮ" ಎಂದ.

"ಅಣ್ಣ, ನಂಗೆ ಕ್ಲಾಸಿದೆ. ಕೆಂಪು ಕಂಡ ತಕ್ಷಣ ಗಾಬರಿ ಬೀಳ್ಬೇಡ ಅನ್ನು ನಿನ್ನ ಸ್ನೇಹಿತನಿಗೆ. ಅದು ಬೈಯ್ತಾ ಇಲ್ಲ, ದೂರು ಹೇಳ್ತಾ ಇದೆ. ಕೊನೇ ಸಾಲು ಮೊದಲು ಓದೋಕೆ ಹೇಳು. ಎಂಥ ತಪ್ಪು, ಎಷ್ಟನೇ ಸಾಲಲ್ಲಿ, ಎರಡೂ ಇರುತ್ತೆ."

ಕೊನೆಯ ಸಾಲಿನಲ್ಲಿ ಇದ್ದದ್ದು ಇಷ್ಟು: ಪಟ್ಟಿಯಲ್ಲಿ ಇಪ್ಪತ್ನಾಲ್ಕನೆಯದು ಇಲ್ಲ.

"ಇಲ್ವಂತೆ!" ಮೋಡಣ್ಣ ಅಜ್ಜಿಯ ಕಡೆ ನೋಡಿದ. ಅಜ್ಜಿ ಎದುರಿಗೇ ಇದ್ದಳು.

"ಹೆಸರು ಹಿಡಿದು ಕರೆಯೋ," ಎಂದರು ಅಕ್ಕ. "ನಂಗೂ ಯಾರಾದ್ರೂ ನಂಬರಿಂದ ಕರೆದ್ರೆ ನಾನೂ ಓ ಅನ್ನಲ್ಲ."

ಹೌದಲ್ಲ ಅನ್ನಿಸಿತು. ಅಂಕಿ ಇರಬೇಕಾದ ಜಾಗದಲ್ಲಿ ಅಜ್ಜಿ ಎಂದು ಬರೆದ. ಈ ಸಲ ಒಂದು ಟಿಕ್ ಕೂಡ ಆಗಲಿಲ್ಲ, ನೇರವಾಗಿ ಕೆಂಪು. ಕೊನೆಯ ಸಾಲು ಓದಿದರೆ, ಇಲ್ಲಿ ಅಂಕಿ ಬೇಕು, ನೀನು ಪದ ಕೊಟ್ಟಿದ್ದೀಯ ಎಂದು ದೂರು. ಅಜ್ಜಿಯಿಂದ ಒಂದು, ಎರಡು ಎಂದು ಮುಂದೆ ಎಣಿಸುವುದು ಹೇಗೆ ಎಂದು ಅದರ ಪ್ರಶ್ನೆ. ನ್ಯಾಯವಾದದ್ದೇ.

"ಇಷ್ಟು ದೂರು ಹೇಳೋ ಸೊಸೆ ಬಂದಿದ್ರೆ ಮನೆ ಏನಾಗ್ತಿತ್ತು!" ಎಂದರು ಅಕ್ಕ. "ತಪ್ಪಾದ್ರೆ ಬಾಯಿ ಮುಚ್ಕೊಂಡು ಮುಂದೆ ಹೋಗು ಅಂತ ಹೇಳೋಕಾಗಲ್ವೇನೋ ಇದಕ್ಕೆ?"

ಹೇಳಬಹುದಿತ್ತು. ತಂಗಿ ಅದನ್ನು ಕಲಿಸಿ, "ಇದನ್ನ ಮಾತ್ರ ಸೋಮಾರಿತನಕ್ಕೆ ಉಪಯೋಗಿಸ್ಬೇಡ" ಎಂದು ನೋಟುಪುಸ್ತಕದಲ್ಲಿ ಎರಡು ಗೆರೆ ಎಳೆಸಿದ್ದಳು. ಮೋಡಣ್ಣ ಆ ಎರಡು ಸಾಲು ಸೇರಿಸಿದ. ಓಡಿಸಿದ. ಕೆಂಪು ಮಾಯ! 'ಎಲ್ಲ ಕುಂಡಗಳಿಗೂ ನೀರು ಮುಗಿಯಿತು' ಎಂದು ಪರದೆ ಸಾಧುವಿನಂತೆ ಹೇಳಿತು.

"ನೋಡಿದ್ಯಾ!" ಎಂದರು ಅಕ್ಕ.

"ಆದ್ರೆ ಅಕ್ಕ, ನೀರೇ ಬರ್ಲಿಲ್ಲವಲ್ಲ."

"ಅದು ಬೇರೆ ವಿಷಯ," ಎಂದು ಅಕ್ಕ ಕೌಂಟರಿಗೆ ಹೋದರು.

ಮಧ್ಯಾಹ್ನವಾಯಿತು. ಗಾಜಿನ ಮೇಲೆ ಬಿಸಿಲು ಕಾಯುತ್ತಿತ್ತು. ಅಜ್ಜಿಯ ಎಲೆಗಳು ಹಲ್ಲಿಲ್ಲದ ಬಾಯಿಯಂತೆ ಒಳಕ್ಕೆ ಸರಿದಿದ್ದವು. ಇಷ್ಟು ದಿನ ಅದನ್ನು ಮುಪ್ಪು ಎಂದುಕೊಂಡಿದ್ದ. ಮೊಗ್ಗು ಮಾತ್ರ ತುದಿಯಲ್ಲಿ ಬಿಳಿ ಗೆರೆ ತೋರಿಸುತ್ತಿತ್ತು. ಇನ್ನು ಮೂರು ಗಂಟೆಯಲ್ಲಿ ಅದು ಬಾಯಾರಿ ಉದುರಿಹೋಗುತ್ತದೆ ಎಂದುಕೊಂಡ. ಸಿಟ್ಟಿನಿಂದ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆದ: ಒಂದರಿಂದ ಶುರು ಮಾಡು. ಎಣಿಕೆ ಇಪ್ಪತ್ನಾಲ್ಕು ಆಗುವವರೆಗೆ ನಿಲ್ಲಬೇಡ.

ಅದೇ ಹೊತ್ತಿಗೆ ಸ್ಟೋರ್‌ಕೀಪರು ಊಟದ ಡಬ್ಬಿ ತಂದು ಒಂದನೆಯ ನಂಬರ್ ಕುಂಡದ ಪಕ್ಕ ಕೂತರು. ಗಾಜಿನ ಮನೆಯಲ್ಲಿ ಅದೇ ತಂಪು ಜಾಗ. ಹದಿನೈದು ವರ್ಷದಿಂದ ಅವರ ಊಟ ಅಲ್ಲೇ.

ಟಿಕ್. ಒಂದನೆಯ ಕುಂಡಕ್ಕೆ ತುಂತುರು ಬಿತ್ತು. ಒಂದೆರಡು ಹನಿ ಡಬ್ಬಿಗೂ ಬಿದ್ದವು.

"ಏನ್ರೀ ಇದು?"

ಟಿಕ್. ಮತ್ತೆ ಒಂದನೆಯ ಕುಂಡ. ಟಿಕ್. ಮತ್ತೆ ಅದೇ. ಟಿಕ್ ಟಿಕ್ ಟಿಕ್ ಟಿಕ್. ಒಂದಾದ ಮೇಲೆ ಎರಡು ಎಂದು ಎಣಿಕೆ ಮುಂದೂಡುವ ಸಾಲನ್ನು ಮೋಡಣ್ಣ ಬರೆದದ್ದೇನೋ ನಿಜ. ಆದರೆ ಒಳಗಿರಬೇಕಾದ ಸಾಲು ಎರಡು ಬೆರಳು ಎಡಕ್ಕೆ, ಮರಳಿ ಮರಳಿ ನಡೆಯುವ ಸಾಲುಗಳ ಸುತ್ತಿನ ಹೊರಗೆ ನಿಂತಿತ್ತು. ಒಳಗಿನ ಸುತ್ತು ಮುಗಿಯಲಿ ಎಂದು ಅದು ಹೊರಗೆ ಕಾಯುತ್ತಿತ್ತು. ಅದು ಬರಲಿ ಎಂದು ಸುತ್ತು ಒಳಗೆ ತಿರುಗುತ್ತಿತ್ತು.

"ನಿಲ್ಲಿಸ್ರೀ! ಸಾರೆಲ್ಲ ನೀರಾಯ್ತು!" ಎಂದು ಸ್ಟೋರ್‌ಕೀಪರು ಡಬ್ಬಿಯ ಮುಚ್ಚಳವನ್ನು ತಲೆಯ ಮೇಲೆ ಹಿಡಿದು ಕೂಗಿದರು.

ಮೋಡಣ್ಣ ನಿಲ್ಲಿಸುತ್ತಿದ್ದನೋ ಏನೋ. ಅಷ್ಟರಲ್ಲಿ ಆ ಸಣ್ಣ ಹನಿಗಳೆಲ್ಲ ಮಧ್ಯಾಹ್ನದ ಬಿಸಿಗೆ ಹಬೆಯಾಗಿ ಎದ್ದು ಗಾಜಿನ ಮನೆಯ ತುಂಬ ಹರಡಿದವು. ಬಿಸಿಲು ಆ ಬಿಳುಪಿನೊಳಗೆ ಹಾಲಿಗೆ ಅರಿಸಿನ ಬಿದ್ದಂತೆ ಕದಡಿತು. ಕುಂಡಗಳಿಗೆ ಬುಡವಿಲ್ಲ, ಎಲೆಗಳಿಗೆ ಕೊಂಬೆಯಿಲ್ಲ, ಎಲ್ಲ ತೇಲುತ್ತಿವೆ. ಸ್ಟೋರ್‌ಕೀಪರು ಸಹ ಡಬ್ಬಿಯೊಂದಿಗೆ ಯಾವುದೋ ದೋಣಿಯಲ್ಲಿ ಕೂತು ದೂರ ಹೋಗುತ್ತಿರುವಂತೆ ಕಂಡರು. ಮೋಡಣ್ಣನ ಬಾಯಿ ತೆರೆದುಕೊಂಡಿತು, ಕೈ ಕೆಳಗಿಳಿಯಿತು.

"ಬನ್ನಿ ಬನ್ನಿ, ಮಂಜಿನ ಮನೆ! ಇವತ್ತೊಂದೇ ದಿನ!" ಹೊರಗೆ ಟಿಕೆಟ್ ಅಕ್ಕನ ದನಿ. ನೋಡುವಷ್ಟರಲ್ಲಿ ಹತ್ತಿಪ್ಪತ್ತು ಜನ ಒಳಗೆ ಬಂದು, ಮಾತು ಮರೆತು, ನೀರಿನಡಿ ನಡೆಯುವವರಂತೆ ಮೆಲ್ಲಗೆ ಓಡಾಡತೊಡಗಿದರು. ಒಬ್ಬಾಕೆ ಸ್ಟೋರ್‌ಕೀಪರನ್ನು ಕಂಡು, "ಎಷ್ಟು ಚೆನ್ನಾಗಿ ಮಾಡಿದಾರೆ ಗೊಂಬೆ" ಎಂದಳು. ಗೊಂಬೆ ಸೀನಿತು.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿದಾಗ ಮೋಡಣ್ಣ ಭೂಮಿಗೆ ಇಳಿದ.

"ಅಣ್ಣ, ನಿನ್ನ ಸ್ನೇಹಿತಂದು ಸರಿಹೋಯ್ತಾ?"

"ಇಲ್ಲಮ್ಮ, ನಿಲ್ತಾನೇ ಇಲ್ಲ!"

"ಕಂಟ್ರೋಲ್ ಮತ್ತೆ ಸಿ ಒಟ್ಟಿಗೆ ಒತ್ತು! ಆಮೇಲೆ ಅವನಿಗೆ ಹೇಳು, ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲ ಕಿತ್ತು ಹಾಕಿ ಬರೀಬಾರ್ದು." ಒಂದು ಕ್ಷಣ ಬಿಟ್ಟು ಕೇಳಿದಳು: "ಅಣ್ಣ, ಆ ಸ್ನೇಹಿತ ನಿದ್ದೆ ಜಾಸ್ತಿ ಮಾಡ್ತಾನಾ?"

ಮೋಡಣ್ಣ ಫೋನು ಇಟ್ಟುಬಿಟ್ಟ.

ಜನ ಹೋದರು. ಸ್ಟೋರ್‌ಕೀಪರು ಒದ್ದೆ ಅಂಗಿ ಬದಲಿಸಲು ಹೋದರು. ಅಜ್ಜಿಗೆ ನೀರು ಕುಡಿಸಲು ಹೋಗಿ ಮೊಮ್ಮಕ್ಕಳಿಗೆ ಎರಡೆರಡು ಬಾರಿ ಸ್ನಾನವಾಗಿತ್ತು. ಅಜ್ಜಿಯ ಗಂಟಲಿಗೆ ಮಾತ್ರ ಒಂದು ಹನಿ ಇಳಿದಿರಲಿಲ್ಲ. ಮೋಡಣ್ಣ ಹಳೆಯ ಹದಿನಾಲ್ಕು ಸಾಲನ್ನು ನೋಟುಪುಸ್ತಕ ನೋಡಿ ಮತ್ತೆ ಬರೆದು, ಬೆಂಚಿನ ಮೇಲೆ ಬಿದ್ದುಕೊಂಡ. ಕಣ್ಣು ತಾನಾಗಿ ಮುಚ್ಚಿತು.

ಮಂಪರಿನಲ್ಲಿ ಲ್ಯಾಪ್‌ಟಾಪು ಕಾಲು ಬಂದು ಗಾಜಿನ ಮನೆಯ ಬಾಗಿಲಲ್ಲಿ ನಿಂತಿತ್ತು. ಗಿಡಗಳೆಲ್ಲ ಸಾಲಾಗಿ ಕೂತಿದ್ದವು, ಅಜ್ಜಿ ಬಾಗಿಲ ಬಳಿಯೇ ಮೊದಲು. ಲ್ಯಾಪ್‌ಟಾಪು ಒಂದು ಹೆಜ್ಜೆ ಇಟ್ಟು ಮೊದಲನೆಯ ಚೀಟಿಯ ಗಿಡಕ್ಕೆ ನೀರು ಕೊಟ್ಟಿತು. ಎರಡು ಹೆಜ್ಜೆಗೆ ಎರಡನೆಯದು. ಮೋಡಣ್ಣ ಕೂಗಿ ಹೇಳಿದ: "ಏ, ಅಜ್ಜಿಯನ್ನ ಬಿಟ್ಯಲ್ಲೋ!" ಲ್ಯಾಪ್‌ಟಾಪು ತಿರುಗಿ ನೋಡಿತು. "ಅವರ ಹತ್ರ ಹೋಗೋಕೆ ಎಷ್ಟು ಹೆಜ್ಜೆ ಇಡ್ಬೇಕು?" "ಒಂದೂ ಬೇಡ! ನೀನು ಅಲ್ಲೇ ನಿಂತಿದ್ದೀಯಲ್ಲ." "ಹಾಗಾದ್ರೆ ಹಾಗೇ ಹೇಳ್ಬೇಕಪ್ಪ."

ಮೋಡಣ್ಣ ಧಡಕ್ಕನೆ ಎದ್ದ. ಅದು ಎಣಿಸುವುದು ಗಿಡಗಳನ್ನಲ್ಲ, ಹೆಜ್ಜೆಗಳನ್ನು! ಮೊದಲಿಗೆ ಕೂತವರ ಬಳಿಗೆ ಸೊನ್ನೆ ಹೆಜ್ಜೆ. ಒಂದು ಎಂದಿದ್ದದ್ದನ್ನು ಅಳಿಸಿ ಸೊನ್ನೆ ಹಾಕಿದ. ಒಂದೇ ಒಂದು ಬದಲಾವಣೆ. ಉಸಿರು ಬಿಗಿಹಿಡಿದು ಓಡಿಸಿದ.

ಟಿಕ್. ಅಜ್ಜಿಯ ಮೇಲೆ ತುಂತುರು ಇಳಿಯಿತು. ಆಮೇಲೆ ಉಳಿದ ಇಪ್ಪತ್ಮೂರು.

ಮೋಡಣ್ಣನ ಕಣ್ಣು ತುಂಬಿತು. ಎರಡು ತಿಂಗಳ ದಾಹ ಒಂದು ತುಂತುರಿಗೆ ಹೋಗುತ್ತದೆಯೇ? ಈಗ ದಾರಿ ಗೊತ್ತಾಗಿತ್ತಲ್ಲ, ಅಜ್ಜಿಯ ಒಂದು ನಳಿಕೆಯನ್ನೇ ಮತ್ತೆ ಐದು ಬಾರಿ ಓಡಿಸಿದ. "ಕುಡಿ ನಮ್ಮಜ್ಜಿ, ಹೊಟ್ಟೆ ತುಂಬ ಕುಡಿ."

ಐದಕ್ಕೆ ಮೇಡಂ ಬಂದರು, ಕೈಯಲ್ಲಿ ಸ್ಕ್ರಿಪ್ಟು ತಾನೇ ಬರೆದಿಡುತ್ತಿದ್ದ ದಿನಚರಿಯ ಅಚ್ಚು ಪ್ರತಿ. ಹಿಂದೆ ಕೋಲೂರಿಕೊಂಡು ಹಳೆಯ ಮೇಸ್ತ್ರಿ. ಟಿಕೆಟ್ ಅಕ್ಕ ಕೌಂಟರ್ ಮುಚ್ಚಿ ಬಂದಿದ್ದರು, ಸ್ಟೋರ್‌ಕೀಪರು ಒಣ ಅಂಗಿಯಲ್ಲಿ, ದೂರದಲ್ಲಿ. ಸಂಜೆಯ ಬೆಳಕು ಗಾಜಿನಿಂದ ಇಳಿದು ಮೊಗ್ಗಿನ ಮೇಲೆ ಕೂತಿತ್ತು. ಒಂದು ದಳ ಆಗಲೇ ಬಿಡಿಸಿಕೊಂಡಿತ್ತು.

ಮೇಡಂ ಹಾಳೆ ತಿರುವುತ್ತ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು? ಅಜ್ಜಿ ಅನ್ನೋ ಕಡೆ ಎರಡು ತಿಂಗಳೂ ಬರೀ ಸೊನ್ನೆ ಇದೆ! ನೀರೇ ಹಾಕಿಲ್ವಾ?"

ಮೋಡಣ್ಣ ಲ್ಯಾಪ್‌ಟಾಪಿಗೆ ಅಡ್ಡವಾಗಿ ನಿಂತ. ಆದರೆ ಮೇಸ್ತ್ರಿ ಹಾಳೆ ಕಿತ್ತುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಗೊಳ್ಳನೆ ನಕ್ಕುಬಿಟ್ಟರು.

"ಭೇಷ್ ಕಣೋ! ಒಂಬತ್ತು ವರ್ಷಕ್ಕಾದ್ರೂ ಬುದ್ಧಿ ಬಂತಲ್ಲ! ಮುದ್ದು ಮಾಡ್ಬೇಡ ಅಂತ ನಾನು ಹೇಳಿದ್ದು ಇದಕ್ಕೇ. ಮೇಡಂ, ಈ ಜಾತೀನೇ ಹೀಗೆ. ನೀರು ಸಿಕ್ಕಿದ್ರೆ ಎಲೆ ಬೆಳೆಸ್ಕೊಂಡು ಹಾಯಾಗಿರ್ತಾಳೆ. ನೀರಿಲ್ಲ, ಇನ್ನು ನನ್ನ ಕತೆ ಮುಗೀತು ಅನ್ನಿಸ್ದಾಗ್ಲೇ ಹೂ ಬಿಡೋದು. ಎರಡು ತಿಂಗಳು ಮನಸ್ಸು ಕಲ್ಲು ಮಾಡ್ಕೊಂಡು ಒಣಗಿಸಿದಾನೆ ನೋಡಿ, ಇವನು ಮಾಲಿ ಅಂದ್ರೆ!"

"ಹೌದೇನ್ರೀ? ನಂಗೆ ಹೇಳಲೇ ಇಲ್ಲ!" ಮೇಡಂ ಮೊದಲ ಸಲ ಅವನತ್ತ ಗೌರವದಿಂದ ನೋಡಿದರು. ಮೋಡಣ್ಣ ನಗಬೇಕೆಂದು ಬಾಯಿ ಅಗಲಿಸಿದ. ನಗು ಬರಲಿಲ್ಲ.

"ಅರಳೋವರೆಗೂ ಹುಷಾರಾಗಿರ್ಬೇಕು ಅಷ್ಟೇ," ಎಂದರು ಮೇಸ್ತ್ರಿ. "ಈ ಹೊತ್ತಲ್ಲಿ ಬೇರಿಗೆ ನೀರು ತಾಗಿದ್ರೆ, ಓ ಬದುಕ್ಕೊಂಡೆ, ಇನ್ನು ಹೂ ಯಾಕೆ ಅಂತ..."

ಮೇಡಂ ಕೊನೆಯ ಹಾಳೆಗೆ ಬಂದಿದ್ದರು. "ಇವತ್ತು ನಾಲ್ಕು ಗಂಟೆಗೆ... ಅಜ್ಜಿ... ಆರು ಸಲ?"

ಎಲ್ಲರೂ ಮೋಡಣ್ಣನ ಕಡೆ ತಿರುಗಿದರು. ಅಷ್ಟರಲ್ಲಿ ಮೊಗ್ಗು ತೊಟ್ಟು ಕಳಚಿಕೊಂಡು ಬೆಣಚುಕಲ್ಲಿನ ಮೇಲೆ ಬಿತ್ತು.

ಟಿಕ್.

ಆ ಸಂಜೆ ಮೋಡಣ್ಣ ನಡೆದದ್ದನ್ನೆಲ್ಲ ಒಪ್ಪಿಕೊಂಡ ಮೇಲೆ ಮೇಸ್ತ್ರಿ ಕಾಡಿಬೇಡಿ ಅಜ್ಜಿಗೆ ಇನ್ನೆರಡು ತಿಂಗಳ ಗಡುವು ಕೊಡಿಸಿದರು. ಮೇಡಂ ಹೊರಡುವಾಗ ಹೇಳಿದರು: "ತಪ್ಪಿದ್ದಷ್ಟು ದಿನ ಎಲ್ಲ ಸರಿಯಾಗಿತ್ತು, ನೀವು ಸರಿ ಮಾಡಿದ ದಿನ ಕೆಡ್ತು. ನಾಳೆಯಿಂದ ದಯವಿಟ್ಟು ಆ ತಪ್ಪನ್ನ ವಾಪಸ್ ಹಾಕಿ." ಮೇಲಿನವರ ಅಪ್ಪಣೆಯ ಮೇರೆಗೆ, ನಾಲ್ಕು ಜನರ ಸಾಕ್ಷಿಯಲ್ಲಿ, ಮೋಡಣ್ಣ ಸೊನ್ನೆ ಅಳಿಸಿ ಒಂದು ಹಾಕಿದ.

ಮನೆಗೆ ಹೋದರೂ ಅನ್ನ ಸೇರಲಿಲ್ಲ. ಮೊದಲಾದರೆ ಗೊತ್ತಿರಲಿಲ್ಲ; ಈಗ ಗೊತ್ತಿದ್ದೂ ಗೊತ್ತಿದ್ದೂ ಮುದುಕಿಯನ್ನು ಬಾಯಾರಿಸುವುದೇ? ಬೆಳಗಾಗುತ್ತಲೇ ಟವೆಲಿನ ಅಡಿಯಲ್ಲಿ ಒಂದು ಲೋಟ ನೀರು ಮುಚ್ಚಿಕೊಂಡು ತೋಟಕ್ಕೆ ಬಂದ. ಒಂದೇ ಲೋಟ. ಗಂಟಲು ನೆನೆಯುವಷ್ಟು.

ಗಾಜಿನ ಮನೆಯ ಬಾಗಿಲು ತೆರೆದೇ ಇತ್ತು. ಅಜ್ಜಿಯ ಮುಂದೆ ಸ್ಟೋರ್‌ಕೀಪರು ಬಗ್ಗಿ ನಿಂತಿದ್ದರು. ಕೈಯಲ್ಲಿ ಲೋಟ. ಬರಿದಾಗಿತ್ತು.

"ಬೀಗ ಸರಿಯಾಗಿದೆಯಾ ಅಂತ ನೋಡೋಕೆ ಬಂದೆ," ಎಂದರು ಬೆಚ್ಚಿಬಿದ್ದು.

"ಲೋಟ ಯಾಕೆ ಸಾರ್?"

"ಅದು... ಬಾಯಿ ಮುಕ್ಕಳಿಸೋಕೆ. ನಿಮ್ಮ ಟವೆಲ್ ಯಾಕೆ ಸೋರ್ತಿದೆ?"

ಇಬ್ಬರೂ ಗಾಜಿನಾಚೆ ನೋಡಿದರು. ಕುಂಡದ ಹಿಂದೆ ಟಿಕೆಟ್ ಅಕ್ಕನ ಬಾಟಲಿಯ ಮುಚ್ಚಳ ಬಿದ್ದಿತ್ತು. ಬೆಣಚುಕಲ್ಲುಗಳು ಸ್ಟೋರ್‌ಕೀಪರಿಗಿಂತ ಮುಂಚೆಯೇ ಯಾರೋ ತೊಳೆದಿಟ್ಟಂತೆ ಹೊಳೆಯುತ್ತಿದ್ದವು.

ಇಷ್ಟಾದ ಮೇಲೆ ಇನ್ನೊಂದು ಲೋಟದಿಂದ ಏನು ಮಹಾ ಎಂದು ಮೋಡಣ್ಣನೂ ತನ್ನ ಲೋಟ ಬಗ್ಗಿಸಿದ.

ಆರೂವರೆಯಾಯಿತು. ಅವನು ಬೆಂಚಿಗೆ ಒರಗಿದ. ಟಿಕ್, ಟಿಕ್, ಟಿಕ್. ಅಜ್ಜಿಯ ಎಲೆಗಳು ಎಷ್ಟೋ ದಿನದ ಮೇಲೆ ಕೆನ್ನೆ ತುಂಬಿಕೊಂಡು ಮಿನುಗುತ್ತಿದ್ದವು. ಹನ್ನೆರಡನೆಯ ಟಿಕ್‌ಗೆ ಅವನ ಕಣ್ಣು ಮುಚ್ಚಿತು. ಹೊರಗೆ, ರಟ್ಟಿನ ಹೊದಿಕೆಯೊಳಗೆ, ತಂಪು ಪಾನೀಯದ ಯಂತ್ರ ಯಾವ ಅವಸರವೂ ಇಲ್ಲದೆ ಗೋಡೆಗೆ ಒರಗಿ ಕಾಯುತ್ತಿತ್ತು.